ಕಾಫಿಯ ಪುಡಿಯೂ ಪಾತ್ರೆಯೂ

ಒಂದೇ ಅಂಗಡಿಯಿಂದ, ಒಂದೇ ದಿನ, ಒಂದೇ ಡಬ್ಬದಿಂದ ತೂಗಿಸಿ ತಂದ ಕಾಫಿಪುಡಿ ಎರಡು ಮನೆಗಳಲ್ಲಿ ಎರಡು ರುಚಿ ಕೊಡುವುದುಂಟು. ಒಂದು ಮನೆಯ ಕಾಫಿ ಲೋಟ ಕೈಗೆ ಬರುವ ಮೊದಲೇ ಮೂಗಿಗೆ ಸುದ್ದಿ ಮುಟ್ಟಿಸುತ್ತದೆ. ಇನ್ನೊಂದು ಮನೆಯದು ನಾಲಗೆಯ ಹಿಂಭಾಗಕ್ಕೆ ಕಹಿಯಾಗಿ ಹತ್ತಿಕೊಳ್ಳುತ್ತದೆ, ಇಲ್ಲವೆ ಬಣ್ಣ ಕದಡಿದ ಹಾಲಿನಂತೆ ಸಪ್ಪೆಯಾಗಿರುತ್ತದೆ. ಇಂಥ ಸಂದರ್ಭದಲ್ಲಿ ಮೊದಲು ಅಪವಾದ ಹೊರುವವನು ಅಂಗಡಿಯವನು, ಅನಂತರ ಚಿಕೋರಿ, ಕೊನೆಗೆ ಹಾಲಿನವನು. ಇವರಲ್ಲಿ ತಪ್ಪಿತಸ್ಥರು ಇರಲಾರರೆಂದು ನಾವು ವಾದಿಸುವುದಿಲ್ಲ. ಆದರೆ ಬಹುಮಟ್ಟಿಗೆ ದೋಷವಿರುವುದು ಪುಡಿಯ ಕಣಕ್ಕೂ ಅದನ್ನು ಹಾಕಿದ ಪಾತ್ರೆಗೂ ಹೊಂದಿಕೆ ಇಲ್ಲದಿರುವುದರಲ್ಲಿ. ಈ ಹೊಂದಿಕೆಯ ಹಿಂದಿರುವ ಭೌತಶಾಸ್ತ್ರ ಬಲು ಸರಳವಾದದ್ದು. ಅದನ್ನು ಅರಿತವರು ಇರುವ ಪುಡಿಯಲ್ಲಿಯೇ, ಇರುವ ಪಾತ್ರೆಯಲ್ಲಿಯೇ ಉತ್ತಮವಾದ ಕಾಫಿಯನ್ನು ಮಾಡಬಲ್ಲರು.

ಮೊದಲು ಬೀಜದ ಒಳಗೇನಿದೆ ಎಂಬುದನ್ನು ನೋಡೋಣ. ಹುರಿದ ಕಾಫಿಬೀಜದ ಬಹುಭಾಗ ನೀರಿನಲ್ಲಿ ಕರಗದ, ಕಟ್ಟಿಗೆಯಂಥ ವಸ್ತು. ನೂರು ಗ್ರಾಂ ಪುಡಿಯಲ್ಲಿ ಬಿಸಿನೀರು ಕರಗಿಸಿಕೊಳ್ಳಬಲ್ಲ ಅಂಶ ಹೆಚ್ಚೆಂದರೆ 30 ಗ್ರಾಂ. ಕರಗುವುದನ್ನೆಲ್ಲ ಕರಗಿಸಿಬಿಟ್ಟರೆ ಲಾಭವಲ್ಲವೆ ಎಂದು ಮಿತವ್ಯಯಿಗಳಿಗೆ ತೋರಬಹುದು. ಆದರೆ ಈ ಅಂಶಗಳೆಲ್ಲ ಒಟ್ಟಿಗೆ ಹೊರಬರುವುದಿಲ್ಲ. ಹುಳಿಯ ಅಂಶಗಳೂ ಪರಿಮಳದ ಬಹುಭಾಗವೂ ಮೊದಲು ಕರಗುತ್ತವೆ. ಸವಿಯೂ ತುಂಬಿದ ರುಚಿಯೂ ಅನಂತರ. ಒಗರೂ ಕಟುವಾದ ಕಹಿಯೂ ನಿಧಾನವಾಗಿ ಹಿಂದಿನಿಂದ ಬರುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸಿದರು. ಪುಡಿಯ ತೂಕದಲ್ಲಿ ನೂರಕ್ಕೆ 18ರಿಂದ 22 ಭಾಗ ಕರಗಿದಾಗ ಹೆಚ್ಚು ಜನಕ್ಕೆ ರುಚಿ ಒಪ್ಪುತ್ತದೆಂಬ ಎಣಿಕೆ ಅಂದಿನಿಂದ ಬಳಕೆಯಲ್ಲಿದೆ. ಅದಕ್ಕಿಂತ ಕಡಮೆಯಾದರೆ ಹುಳಿ ಮತ್ತು ಸಪ್ಪೆ. ಹೆಚ್ಚಾದರೆ ಕಹಿ ಮತ್ತು ಒಗರು.

ಇದನ್ನು ಅಳೆಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಗ್ರಾಮಿನವರೆಗೆ ತೂಗುವ ಅಡುಗೆಮನೆಯ ತಕ್ಕಡಿಯೊಂದಿದ್ದರೆ ಸಾಕು. ಚಿಕೋರಿ ಬೆರೆಸದ ಪುಡಿಯನ್ನು 30 ಗ್ರಾಂ ತೂಗಿ ಡಿಕಾಕ್ಷನ್ ಇಳಿಸಬೇಕು. ಉಳಿದ ಚರಟವನ್ನು ಒಂದು ಕಣವೂ ಚೆಲ್ಲದಂತೆ ತಟ್ಟೆಯಲ್ಲಿ ಹರಡಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮತ್ತೆ ತೂಗಬೇಕು. 24 ಗ್ರಾಂ ಉಳಿದಿದ್ದರೆ ಕರಗಿಹೋದದ್ದು 6 ಗ್ರಾಂ, ಎಂದರೆ ನೂರಕ್ಕೆ 20 ಭಾಗ. ಒಣಗಿದ ಚರಟ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಲೆಕ್ಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ನಿಜ. ಆದರೂ ನಮ್ಮ ಮನೆಯ ಪದ್ಧತಿಯಲ್ಲಿ ಪುಡಿ ವ್ಯರ್ಥವಾಗುತ್ತಿದೆಯೆ, ಅಥವಾ ಹಿಂಡಿ ಹಿಪ್ಪೆಯಾಗುತ್ತಿದೆಯೆ ಎಂಬುದು ಇದರಿಂದ ಸ್ಪಷ್ಟವಾಗಿ ತಿಳಿದುಬರುತ್ತದೆ.

ಇನ್ನು ಕಣದ ವಿಚಾರ. ಒಂದು ಮಿಲಿಮೀಟರು ಅಂಚಿನ ಘನವೊಂದನ್ನು ಊಹಿಸಿಕೊಳ್ಳೋಣ. ಅದರ ಮೇಲ್ಮೈ 6 ಚದರ ಮಿಲಿಮೀಟರು. ಅದನ್ನು ಉದ್ದ, ಅಗಲ, ಎತ್ತರಗಳಲ್ಲಿ ಎರಡೆರಡಾಗಿ ಕತ್ತರಿಸಿದರೆ ಎಂಟು ಚಿಕ್ಕ ಘನಗಳಾಗುತ್ತವೆ. ವಸ್ತು ಅಷ್ಟೇ ಇದ್ದರೂ ಮೇಲ್ಮೈ 12 ಚದರ ಮಿಲಿಮೀಟರಿಗೆ ಏರುತ್ತದೆ. ನೀರಿಗೆ ತಾಗುವ ಮೈ ಹೆಚ್ಚಿದಷ್ಟೂ ಕರಗುವಿಕೆ ಚುರುಕಾಗುತ್ತದೆ. ಇಷ್ಟೇ ಅಲ್ಲ. ಕಣದ ಒಳಭಾಗದಲ್ಲಿರುವ ರಸ ವಿಸರಣದಿಂದ ಹೊರಗೆ ಬರಬೇಕು. ಅದಕ್ಕೆ ಹಿಡಿಯುವ ಕಾಲ ಕಣದ ಗಾತ್ರದ ವರ್ಗವನ್ನು ಅನುಸರಿಸುತ್ತದೆ. ಕಣದ ಅಡ್ಡಳತೆ ಅರ್ಧವಾದರೆ ಬೇಕಾದ ಕಾಲ ಕಾಲುಭಾಗವಾಗುತ್ತದೆ. ಹಾಗಾದರೆ ಪುಡಿಯನ್ನು ವಿಭೂತಿಯಂತೆ ನುಣ್ಣಗೆ ಮಾಡಿಬಿಟ್ಟರಾಯಿತಲ್ಲ ಎನ್ನಬೇಡಿ. ಅಲ್ಲಿಯೇ ತೊಡಕಿರುವುದು.

ಮಣ್ಣು ಮರಳುಗಳ ಮೂಲಕ ನೀರು ಹರಿಯುವ ನಿಯಮವನ್ನು ಕಂಡುಹಿಡಿದವರು ಫ್ರಾನ್ಸಿನ ಡಿಜಾನ್ ನಗರದ ನೀರು ಸರಬರಾಜಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಮರಳು ತುಂಬಿದ ಕೊಳವೆಗಳಲ್ಲಿ ನೀರನ್ನು ಹರಿಸಿ ನೋಡಿದ ಅವರ ಪ್ರಯೋಗಗಳು 1856ರಲ್ಲಿ ಪ್ರಕಟವಾದವು. ನೀರಿನ ಮಟ್ಟ ಎತ್ತರವಾದಷ್ಟೂ ಹರಿವು ಹೆಚ್ಚು. ಪದರ ದಪ್ಪವಾದಷ್ಟೂ ಹರಿವು ಕಡಮೆ. ಮುಂದೆ ಬಂದವರು ಕಣದ ಗಾತ್ರದ ಲೆಕ್ಕವನ್ನು ಇದಕ್ಕೆ ಸೇರಿಸಿದರು: ಕಣ ಅರ್ಧವಾದರೆ ಸಂದುಗಳು ಕಿರಿದಾಗಿ ಹರಿವು ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮ ಕಾಫಿ ಫಿಲ್ಟರು ಡಾರ್ಸಿಯವರ ಕೊಳವೆಯ ತಮ್ಮನೇ ಸರಿ. ಮೇಲಿನ ಪಾತ್ರೆಯ ತೂತುಗಳ ಮೇಲೆ ಪುಡಿಯ ಪದರ, ಅದರ ಮೇಲೆ ನೀರಿನ ಭಾರ, ಇಷ್ಟೇ ಅದರ ರಚನೆ.

ಈಗ ಎರಡು ವರ್ಗಗಳನ್ನೂ ಜೊತೆಗಿಟ್ಟು ನೋಡಬೇಕು. ಕಣ ಅರ್ಧವಾದಾಗ ರಸ ಹೊರಬರಲು ಬೇಕಾದ ಕಾಲ ನಾಲ್ಕರಲ್ಲೊಂದು ಭಾಗವಾಯಿತು. ನೀರು ಪದರವನ್ನು ದಾಟಲು ಹಿಡಿಯುವ ಕಾಲ ನಾಲ್ಕು ಪಟ್ಟಾಯಿತು. ಬೇಕಾದ ಕಾಲಕ್ಕೂ ದೊರೆತ ಕಾಲಕ್ಕೂ ಇದ್ದ ಪ್ರಮಾಣ ಒಮ್ಮೆಗೇ 16 ಪಟ್ಟು ಕೆಟ್ಟಿತು! ಪುಡಿಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಅತ್ಯಲ್ಪವಾದರೂ ಲೋಟದಲ್ಲಿ ಅದು ಎದ್ದು ತೋರುವುದು ಈ ಕಾರಣದಿಂದ. ಫಿಲ್ಟರಿನಲ್ಲಿ ಪುಡಿಯೇ ಗಡಿಯಾರ. ನೀರು ಎಷ್ಟು ಹೊತ್ತು ಅದರೊಡನೆ ಇರಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಪಾತ್ರೆಯಲ್ಲಿ ಕುದಿಸಿ ಸೋಸುವ ಪದ್ಧತಿಯಲ್ಲಾದರೋ ಗಡಿಯಾರ ನಮ್ಮ ಕೈಯಲ್ಲಿರುತ್ತದೆ. ಬೇರೆ ಬೇರೆ ಸಲಕರಣೆಗಳಿಗೆ ಬೇರೆ ಬೇರೆ ಪುಡಿ ಏಕೆಂಬ ಪ್ರಶ್ನೆಗೆ ಉತ್ತರ ಈ ಭೇದದಲ್ಲಿದೆ.

ಅಡ್ಡಳತೆ ಅರ್ಧ ಎಂದು ನಾವು ಹೇಳಿದ್ದು ಎಲ್ಲ ಕಣಗಳೂ ಒಂದೇ ಅಳತೆಯವು ಎಂಬ ಭಾವನೆಯಿಂದ. ವಾಸ್ತವವಾಗಿ ಯಾವ ಯಂತ್ರವೂ ಅಂಥ ಪುಡಿಯನ್ನು ಕೊಡಲಾರದು. ಮನೆಯ ಮಿಕ್ಸಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೀಜ ಬೀಸಲ್ಪಡುವುದಿಲ್ಲ, ಹೊಡೆತ ತಿಂದು ಒಡೆಯುತ್ತದೆ. ಅಲಗಿನ ಹತ್ತಿರವಿದ್ದದ್ದು ಪದೇ ಪದೇ ಏಟು ತಿಂದು ಧೂಳಾಗುತ್ತದೆ. ಜಾರಿನ ಅಂಚಿಗೆ ಸರಿದದ್ದು ತರಿಯಾಗಿಯೇ ಉಳಿಯುತ್ತದೆ. ಆ ಧೂಳು ತರಿಯ ಸಂದುಗಳನ್ನು ಮುಚ್ಚಿ ಫಿಲ್ಟರನ್ನು ಕಟ್ಟಿಸುತ್ತದೆ, ಕಹಿಯನ್ನೂ ಕೊಡುತ್ತದೆ. ತರಿಯಾದರೋ ಒಳಗಿನ ರಸವನ್ನು ಬಿಡದೆ ಚರಟಕ್ಕೆ ಹೋಗುತ್ತದೆ. ಒಂದೇ ಲೋಟದಲ್ಲಿ ಕಹಿಯೂ ಸಪ್ಪೆಯೂ ಜೊತೆಯಾಗಿ ಸಿಕ್ಕುವ ವಿಚಿತ್ರಕ್ಕೆ ಇದು ಕಾರಣ. ಮಿಕ್ಸಿಯೊಂದೇ ಗತಿ ಎನ್ನುವವರು ಜಾರನ್ನು ಅರ್ಧಕ್ಕಿಂತ ಕಡಮೆ ತುಂಬಿ, ಎರಡು ಮೂರು ಸೆಕೆಂಡಿಗೊಮ್ಮೆ ನಿಲ್ಲಿಸಿ, ಅಲುಗಾಡಿಸಿ, ಮತ್ತೆ ತಿರುಗಿಸಬೇಕು. ಅನಂತರ ಟೀ ಸೋಸುವ ಜರಡಿಯಲ್ಲಿ ಜಾಲಿಸಿ, ಮೇಲುಳಿದ ತರಿಯನ್ನು ಮಾತ್ರ ಇನ್ನೊಮ್ಮೆ ಹಾಕಿದರೆ ಪುಡಿ ಎಷ್ಟೋ ಸಮನಾಗುತ್ತದೆ.

ಹಳೆಯ ಮನೆಗಳಲ್ಲಿ ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು ಕೈಯಿಂದ ತಿರುಗಿಸುತ್ತಿದ್ದ ಕಾಫಿಯ ಬೀಸುವ ಯಂತ್ರವನ್ನು ವಾಚಕರಲ್ಲಿ ಕೆಲವರು ಬಲ್ಲರು. ಅದರ ತತ್ವ ಬೀಸುವ ಕಲ್ಲಿನದೇ: ಹಲ್ಲುಗಳುಳ್ಳ ಎರಡು ಮೈಗಳ ನಡುವೆ ಗೊತ್ತಾದ ಸಂದು. ಆ ಸಂದಿಗಿಂತ ದಪ್ಪನಾದ ಕಣ ಹೊರಕ್ಕೆ ಬರುವಂತಿಲ್ಲ. ಚಿಕ್ಕದಾದದ್ದು ಅನಾವಶ್ಯಕವಾಗಿ ಏಟು ತಿನ್ನಬೇಕಾಗಿಲ್ಲ. ತಿರುಪನ್ನು ಸಡಿಲಿಸಿದರೆ ತರಿ, ಬಿಗಿದರೆ ನಯ. ಇಂದಿನ ಬೆಲೆಬಾಳುವ ವಿದ್ಯುತ್ ಗ್ರೈಂಡರುಗಳೂ ಈ ಬೀಸುವ ಕಲ್ಲಿನ ಮೊಮ್ಮಕ್ಕಳೇ. ಹಣ ಖರ್ಚುಮಾಡಬೇಕೆಂದಿರುವವರಿಗೆ ನಮ್ಮ ಅಭಿಪ್ರಾಯ ಇಷ್ಟು: ಅಂದವಾದ ಹೊಸ ಪಾತ್ರೆಗಿಂತ ಸಮನಾಗಿ ಬೀಸುವ ಸಾಧಾರಣ ಯಂತ್ರವೊಂದನ್ನು ಕೊಂಡರೆ ಲಾಭ ಹೆಚ್ಚು. ಬೀಜವನ್ನು ಕಪ್ಪಾಗುವವರೆಗೆ ಹುರಿದಿದ್ದರೆ ಅದು ಹೆಚ್ಚು ಪೆಡಸಾಗಿ ಧೂಳು ಹೆಚ್ಚು ಬೀಳುತ್ತದೆಂಬುದೂ ನೆನಪಿನಲ್ಲಿರಲಿ. ಒಣಹವೆಯ ದಿನಗಳಲ್ಲಿ ಪುಡಿ ಯಂತ್ರದ ಗೋಡೆಗೆ ಅಂಟಿಕೊಳ್ಳುವುದನ್ನು ನೋಡಿರಬಹುದು. ಅದು ಘರ್ಷಣೆಯಿಂದ ಹುಟ್ಟಿದ ವಿದ್ಯುತ್ತು. ಬೀಸುವ ಮುನ್ನ ಬೀಜಕ್ಕೆ ಕೆಲವು ಹನಿ ನೀರು ಚಿಮುಕಿಸಿದರೆ ಆ ವಿದ್ಯುತ್ತು ಬಹುವಾಗಿ ತಗ್ಗುವುದೆಂದು ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದವರು ಜ್ವಾಲಾಮುಖಿಯ ಬೂದಿಯನ್ನು ಅಭ್ಯಾಸ ಮಾಡುವವರೊಡನೆ ಸೇರಿ 2023ರಲ್ಲಿ ತೋರಿಸಿಕೊಟ್ಟರು.

ನಮ್ಮ ಫಿಲ್ಟರಿಗೆ ಮರಳಿ ಬರೋಣ. ಇದಕ್ಕೆ ಬೇಕಾದದ್ದು ಸಣ್ಣರವೆಗಿಂತ ನಯವಾದ, ಆದರೆ ಬೆರಳುಗಳ ನಡುವೆ ಉಜ್ಜಿದರೆ ಇನ್ನೂ ಹರಳು ತಾಗುವ ಪುಡಿ. ಅದನ್ನು ಸಮವಾಗಿ ಹರಡಿ, ಹಿಡಿಯುಳ್ಳ ತೂತಿನ ಬಿಲ್ಲೆಯಿಂದ ಮೆಲ್ಲಗೆ ಒತ್ತಬೇಕು. ಈ ಬಿಲ್ಲೆಯ ಕೆಲಸ ಒತ್ತುವುದಕ್ಕಿಂತ ಹೆಚ್ಚಾಗಿ, ಮೇಲಿನಿಂದ ಬೀಳುವ ನೀರು ಪುಡಿಯಲ್ಲಿ ಗುಂಡಿ ತೋಡದಂತೆ ಕಾಯುವುದು. ನೀರು ಯಾವಾಗಲೂ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಪದರದಲ್ಲಿ ಒಂದು ಕಡೆ ಬಿರುಕಿದ್ದರೆ ನೀರೆಲ್ಲ ಅಲ್ಲಿಯೇ ಇಳಿದು, ಉಳಿದ ಪುಡಿ ನೆನೆದೂ ನೆನೆಯದಂತೆ ಉಳಿಯುತ್ತದೆ. ಹೆಚ್ಚಿನ ಒತ್ತಡದ ಎಸ್‌ಪ್ರೆಸೊ ಯಂತ್ರಗಳ ಬಗ್ಗೆ 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಪುಡಿಯನ್ನು ಒಂದು ಮಿತಿಗಿಂತ ನಯಮಾಡಿದರೆ ಕರಗುವ ಅಂಶ ಹೆಚ್ಚುವ ಬದಲು ಕಡಮೆಯಾಗುವುದೆಂದು ಕಂಡುಬಂದಿತು; ಪದರದ ಕೆಲವು ಭಾಗ ಕಟ್ಟಿಕೊಂಡು ಹರಿವು ಸಮನಾಗಿರದಿರುವುದೇ ಅದಕ್ಕೆ ಅವರು ಕೊಟ್ಟ ವಿವರಣೆ.

ಚಿಕೋರಿಯ ಮಾತು ಇಲ್ಲಿಯೇ ಆಗಿಬಿಡಲಿ. ಇದು ಒಂದು ಗಿಡದ ಬೇರು. ಹುರಿದು ಪುಡಿಮಾಡಿದಾಗ ಕಾಫಿಗಿಂತ ಎಷ್ಟೋ ಪಾಲು ಹೆಚ್ಚಾಗಿ ನೀರಿನಲ್ಲಿ ಕರಗುತ್ತದೆ. ಬಣ್ಣವನ್ನೂ ಮಂದವಾದ ಜಿಗುಟನ್ನೂ ಕೊಡುತ್ತದೆ. ಜಿಗುಟಿನಿಂದ ಹರಿವು ನಿಧಾನವಾಗುತ್ತದೆ. ಆದಕಾರಣ ಚಿಕೋರಿ ಬೆರೆಸಿದ ಪುಡಿಗೆ ಒಗ್ಗಿದ ಮನೆಯವರು ಶುದ್ಧ ಕಾಫಿಯನ್ನು ಅದೇ ನಯದಲ್ಲಿ ತಂದಾಗ ಡಿಕಾಕ್ಷನ್ ಬೇಗ ಇಳಿದು ತೆಳುವಾಗುತ್ತದೆ. ದೋಷ ಕಾಫಿಯದೆಂದು ಭಾವಿಸುತ್ತಾರೆ. ಬೀಸುವಾಗ ಒಂದು ಮಟ್ಟ ನಯಮಾಡಿಸಿದ್ದರೆ ಸರಿಹೋಗುತ್ತಿತ್ತು. ನಮ್ಮ ದೇಶದ ಆಹಾರ ನಿಯಮಗಳಂತೆ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಮೆ ಇರುವಂತಿಲ್ಲ. ಶುದ್ಧವೆಂದು ಮಾರಿದ ಪುಡಿಯಲ್ಲಿ ಚಿಕೋರಿ ಇದೆಯೆ ಎಂದು ಸಂಶಯವಿದ್ದರೆ, ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ ನೋಡಬಹುದು. ಕಾಫಿ ತೇಲುತ್ತದೆ, ಚಿಕೋರಿ ಕೆಲವೇ ಸೆಕೆಂಡುಗಳಲ್ಲಿ ಹಿಂದೆ ಕಂದುಬಣ್ಣದ ಎಳೆ ಬಿಡುತ್ತ ಮುಳುಗುತ್ತದೆ.

ಪುಡಿ ಸರಿಯಿದ್ದು, ಬಿಲ್ಲೆ ಸರಿಯಿದ್ದು, ನೆಂಟರು ಬಂದು ಕುಳಿತಿರುವಾಗಲೇ ಫಿಲ್ಟರು ಹನಿಯುವುದನ್ನು ನಿಲ್ಲಿಸಿಬಿಡುವುದುಂಟು. ಇದರಲ್ಲಿ ಗ್ರಹಚಾರವೇನೂ ಇಲ್ಲ. ಕೆಳಗಿನ ಪಾತ್ರೆ ಬರಿದಾಗಿದೆ ಎನ್ನುತ್ತೇವಾದರೂ ಅದರ ತುಂಬ ಗಾಳಿಯಿದೆ. ಡಿಕಾಕ್ಷನ್ ಕೆಳಗಿಳಿಯಬೇಕಾದರೆ ಅಷ್ಟೇ ಗಾಳಿ ಹೊರಹೋಗಬೇಕು. ಎರಡು ಪಾತ್ರೆಗಳೂ ಬಿಗಿಯಾಗಿ ಕೂಡಿಕೊಂಡಿದ್ದರೆ ಅದಕ್ಕೆ ದಾರಿಯಿಲ್ಲ. ಲೆಕ್ಕ ನೋಡಿ: ಪುಡಿಯ ಮೇಲೆ ಮತ್ತು ಪುಡಿಯಲ್ಲಿ ಒಟ್ಟು 6 ಸೆಂಟಿಮೀಟರು ನೀರಿದೆಯೆನ್ನೋಣ. ಬೆಂಗಳೂರಿನ ಎತ್ತರದಲ್ಲಿ ವಾಯುಮಂಡಲದ ಒತ್ತಡ ಸುಮಾರು 930 ಸೆಂಟಿಮೀಟರು ನೀರಿನ ಕಂಬಕ್ಕೆ ಸಮ. ಎಂದರೆ ಒಳಗಿನ ಗಾಳಿಯ ಒತ್ತಡ 155ರಲ್ಲಿ ಒಂದು ಭಾಗ ಏರಿದರೆ ಸಾಕು, ನೀರಿನ ಭಾರಕ್ಕೆ ಅದು ಸರಿದೂಗಿ ಹರಿವು ನಿಲ್ಲುತ್ತದೆ. 200 ಮಿಲಿಲೀಟರು ಗಾಳಿಯಿದ್ದಲ್ಲಿ ಒಂದೂಕಾಲು ಮಿಲಿಲೀಟರು, ಹೆಚ್ಚೆಂದರೆ ಇಪ್ಪತ್ತೈದು ಹನಿ ಬೀಳುವಷ್ಟರಲ್ಲಿ ಈ ಸ್ಥಿತಿ ಒದಗುತ್ತದೆ. ಅಷ್ಟೂ ಬೇಡ, ಮೇಲಿನ ಬಿಸಿ ತಾಗಿ ಆ ಗಾಳಿ ಎರಡು ಡಿಗ್ರಿ ಬೆಚ್ಚಗಾದರೂ ಒತ್ತಡ ಅಷ್ಟೇ ಏರುತ್ತದೆ!

ಹನಿ ನಿಂತಾಗ ನಮ್ಮ ಅಜ್ಜಿಯವರು ಮೇಲಿನ ಪಾತ್ರೆಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಸ್ವಲ್ಪ ಎತ್ತಿ ಕೂರಿಸುತ್ತಿದ್ದರು. ಕೂಡಲೆ ಟಪಟಪನೆ ಹನಿಯಲಾರಂಭಿಸುತ್ತಿತ್ತು. ಬಾಯಲ್ ಮತ್ತು ಚಾರ್ಲ್ಸರ ನಿಯಮಗಳನ್ನು ತರಗತಿಯಲ್ಲಿ ಪಾಠ ಹೇಳಲು ತೊಡಗಿ ಎಷ್ಟೋ ದಿನಗಳಾದ ಮೇಲೆ ಆ ತಟ್ಟುವಿಕೆಯ ಅರ್ಥ ನಮಗೆ ಹೊಳೆಯಿತು. ಪಾತ್ರೆಗಳ ನಡುವೆ ಒಂದು ತೆಳುವಾದ ಚಮಚದ ಹಿಡಿಯನ್ನು ಸಿಕ್ಕಿಸಿದರೂ ಸಾಕು. ಮೇಲಿನ ಮುಚ್ಚಳವನ್ನೂ ಬಿಗಿಯಾಗಿ ಹಾಕಬಾರದು. ಒಳಗಿನ ಆವಿ ತಣಿದಾಗ ಅಲ್ಲಿ ಒತ್ತಡ ಇಳಿದು ನೀರನ್ನು ಮೇಲಕ್ಕೆ ಹಿಡಿದಂತಾಗುತ್ತದೆ.

ನೀರಿನ ಕಾವಿನ ಬಗ್ಗೆ ವಿದೇಶದ ಪುಸ್ತಕಗಳಲ್ಲಿ ಒಂದು ಎಚ್ಚರಿಕೆ ಕಾಣಬರುತ್ತದೆ: ಕುದಿದ ನೀರನ್ನು ಅರ್ಧ ನಿಮಿಷ ಆರಲು ಬಿಟ್ಟು, 92ರಿಂದ 96 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುರಿಯಬೇಕೆಂದು. ಸಮುದ್ರತೀರದ ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಮುನ್ನೂರು ಮೀಟರು ಏರಿದಂತೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಬೆಂಗಳೂರಿನಲ್ಲಿ ಅದು 97ರ ಆಸುಪಾಸು, ಮಡಿಕೇರಿಯಲ್ಲಿ 96. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಪ್ರಕೃತಿಯೇ ನೀರನ್ನು ಆರಿಸಿ ಕೊಟ್ಟಿದೆ. ಮೇಲಾಗಿ 150 ಗ್ರಾಂ ತೂಕದ ತಣ್ಣನೆಯ ಉಕ್ಕಿನ ಪಾತ್ರೆಗೆ 30 ಗ್ರಾಂ ಪುಡಿ ಹಾಕಿ 150 ಮಿಲಿಲೀಟರು ನೀರು ಹೊಯ್ದರೆ, ಪಾತ್ರೆಯೂ ಪುಡಿಯೂ ಹೀರುವ ಶಾಖದಿಂದಲೇ ನೀರು ಹತ್ತು ಡಿಗ್ರಿಗೂ ಮಿಗಿಲಾಗಿ ತಣಿಯುತ್ತದೆಂದು ಗಣಿಸಬಹುದು. ಅಷ್ಟರ ಮೇಲೆ ಕಾಲುಗಂಟೆ ಹನಿಯುವುದರಲ್ಲಿ ಇನ್ನಷ್ಟು. ಆದುದರಿಂದ ಫಿಲ್ಟರಿನ ಮಟ್ಟಿಗೆ ಆ ಎಚ್ಚರಿಕೆಯನ್ನು ಬದಿಗಿಟ್ಟು, ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ತೊಳೆದು ಒರೆಸಿ, ಕುದಿಯುತ್ತಿರುವ ನೀರನ್ನೇ ಸುರಿಯುವುದು ಲೇಸು. ಮೊದಲು ಎರಡು ಚಮಚ ಮಾತ್ರ ಸುರಿದು ಅರ್ಧ ನಿಮಿಷ ತಾಳಿದರೆ, ಹುರಿಯುವಾಗ ಬೀಜದಲ್ಲಿ ಸೆರೆಯಾದ ಇಂಗಾಲದ ಡೈಆಕ್ಸೈಡು ನೊರೆಯಾಗಿ ಹೊರಬಂದು, ಪುಡಿ ಉಬ್ಬಿ, ಮುಂದಿನ ನೀರಿಗೆ ದಾರಿ ಸಮನಾಗುತ್ತದೆ. ನೊರೆಯೇ ಏಳದಿದ್ದರೆ ಪುಡಿ ಹಳೆಯದೆಂದು ತಿಳಿಯಬೇಕು. ಸುರಿದ ನೀರೆಲ್ಲ ಕೆಳಗೆ ಬರುವುದಿಲ್ಲ. ತನ್ನ ತೂಕದ ಸುಮಾರು ಎರಡರಷ್ಟನ್ನು ಪುಡಿ ಹಿಡಿದುಕೊಳ್ಳುತ್ತದೆ. 150ಕ್ಕೆ 90 ಮಿಲಿಲೀಟರು ದೊರೆತರೆ ನಷ್ಟವೇನೂ ಆಗಿಲ್ಲ.

ಪುಡಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುವ ಪದ್ಧತಿ ಈಗಲೂ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಉಂಟು. ಇಲ್ಲಿ ಪುಡಿ ತರಿಯಾಗಿದ್ದರೂ ನಡೆಯುತ್ತದೆ. ಆದರೆ ಒಲೆಯ ಮೇಲೆ ಕುದಿಸುತ್ತ ಬಿಡಬಾರದು. ನೀರು ಕುದಿ ಬಂದೊಡನೆ ಇಳಿಸಿ, ಪುಡಿ ಹಾಕಿ, ಮುಚ್ಚಿ, ನಾಲ್ಕೈದು ನಿಮಿಷದ ಮೇಲೆ ಸೋಸಬೇಕು. ಬಟ್ಟೆಯನ್ನು ಹಿಂಡುವ ಆಸೆಯನ್ನು ತಡೆದುಕೊಳ್ಳಬೇಕು. ಹಿಂಡಿದಾಗ ಬರುವುದು ಗಸಿ ಮತ್ತು ಕಹಿ. ಫ್ರೆಂಚ್ ಪ್ರೆಸ್ ಎಂಬ ಗಾಜಿನ ಪಾತ್ರೆಯಲ್ಲಿ ನಡೆಯುವುದೂ ಇದೇ. ಅದರ ಹೆಸರು ಏನೇ ಇರಲಿ, 1929ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ಇಟಲಿಯ ಅಟ್ಟಿಲಿಯೊ ಕಲಿಮಾನಿ. ಬಟ್ಟೆಯ ಬದಲು ಜರಡಿಯ ಬಿಲ್ಲೆಯನ್ನು ಮೇಲಿನಿಂದ ಒತ್ತುವುದಷ್ಟೇ ಭೇದ. ಅಂಗಡಿಯ ನಯವಾದ ಫಿಲ್ಟರು ಪುಡಿಯನ್ನು ಇದಕ್ಕೆ ಹಾಕಿ ಬಲವಾಗಿ ಒತ್ತಿದರೆ ಬಿಸಿನೀರು ಅಂಚಿನಿಂದ ಚಿಮ್ಮಿ ಕೈ ಸುಡುವ ಭಯವಿದೆ.

ಇಟಲಿಯಲ್ಲೇ ಬಿಯಾಲೆಟ್ಟಿಯವರು 1933ರಲ್ಲಿ ಬಳಕೆಗೆ ತಂದ ಮೋಕಾ ಪಾತ್ರೆಯಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ನಮ್ಮ ಫಿಲ್ಟರಿನಲ್ಲಿ ಅಡ್ಡಿಮಾಡಿದ ಗಾಳಿಯೇ ಇಲ್ಲಿ ಆಳಾಗಿ ದುಡಿಯುತ್ತದೆ. ಕೆಳಗಿನ ಮುಚ್ಚಿದ ಕೋಣೆಯ ಗಾಳಿ ಕಾದು ಹಿಗ್ಗಲು ಯತ್ನಿಸುತ್ತದೆ. ನೀರಿನ ಆವಿಯೂ ಅದಕ್ಕೆ ಜೊತೆಯಾಗುತ್ತದೆ. 70 ಡಿಗ್ರಿಯಲ್ಲಿಯೇ ಆವಿಯ ಒತ್ತಡ ವಾಯುಮಂಡಲದ ಒತ್ತಡದ ಮೂರರಲ್ಲೊಂದು ಭಾಗದಷ್ಟು ಇರುವುದರಿಂದ, ನೀರು ಕುದಿಯುವ ಮೊದಲೇ ಏರತೊಡಗುತ್ತದೆ. ಇಲ್ಲಿ ಪುಡಿಯನ್ನು ಒತ್ತಿ ತುಂಬಬಾರದು. ಕೆಳಗಿನ ನೀರು ಸುರಕ್ಷಾ ಕವಾಟದ ಮಟ್ಟವನ್ನು ಮೀರಬಾರದು. ನೀರು ಮುಗಿದು ಗುಳುಗುಳು ಶಬ್ದ ಬಂದೊಡನೆ ಇಳಿಸದಿದ್ದರೆ ಕೊನೆಗೆ ಬರುವ ಬಿಸಿ ಆವಿ ಪುಡಿಯ ಕಹಿಯನ್ನೆಲ್ಲ ಹೊತ್ತು ತರುತ್ತದೆ.

ಕಾಗದದಲ್ಲಿ ಸೋಸುವುದನ್ನು ಜರ್ಮನಿಯ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ 1908ರಲ್ಲಿ ಆರಂಭಿಸಿದರು. ಹಾಲಿನ ಕಾಫಿಗೆ ಇದರ ರಸ ತೆಳು. ಆದರೆ ಕಾಫಿಯ ಎಣ್ಣೆಯಲ್ಲಿರುವ, ರಕ್ತದ ಕೊಲೆಸ್ಟರಾಲನ್ನು ಏರಿಸುವ ಕೆಫೆಸ್ಟಾಲ್ ಎಂಬ ವಸ್ತುವನ್ನು ಕಾಗದ ಬಹುಮಟ್ಟಿಗೆ ತಡೆಹಿಡಿಯುತ್ತದೆ. ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲಿ ಅದು ಹೆಚ್ಚು. ವೈದ್ಯರಿಂದ ಈ ವಿಷಯದಲ್ಲಿ ಎಚ್ಚರಿಕೆ ಪಡೆದಿರುವವರು ಇದನ್ನು ಗಮನಿಸಬಹುದು.

ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟು ಕಾಯಿಸುವ ರೂಢಿ ಕೆಲವೆಡೆ ಇದೆ. ಪರಿಮಳವೆಂಬುದು ಸುಲಭವಾಗಿ ಆವಿಯಾಗುವ ವಸ್ತುಗಳ ಸಮೂಹ. ಕಾಯಿಸಿದಾಗ ಮನೆಯೆಲ್ಲ ಘಮಘಮಿಸಿದರೆ ಅಷ್ಟೂ ಲೋಟದಿಂದ ಹೋಯಿತೆಂದೇ ಅರ್ಥ. ಹಾಲನ್ನು ಚೆನ್ನಾಗಿ ಕಾಯಿಸಿ ಡಿಕಾಕ್ಷನ್ನಿಗೆ ಬೆರೆಸಿದರೆ ಬೇಕಾದ ಬಿಸಿ ತಾನೇ ಬರುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕಾಫಿಯ ಹಿತವಾದ ಹುಳಿ ಅಡಗಿ ರುಚಿ ಮಂಕಾಗುವುದರಿಂದ, ಇರುವಲ್ಲಿ ಮೆದುನೀರನ್ನೇ ಬಳಸಬೇಕು. ಕೊನೆಯದಾಗಿ, ಬಹುಕಾಲ ಬಳಸಿದ ಫಿಲ್ಟರಿನ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳಲ್ಲಿ ಅರ್ಧದಷ್ಟು ಎಣ್ಣೆ ಮತ್ತು ಧೂಳಿನಿಂದ ಮುಚ್ಚಿಹೋಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಪಾತ್ರೆ ಉಕ್ಕಿನದಾಗಿದ್ದರೆ ಇಕ್ಕಳದಲ್ಲಿ ಹಿಡಿದು ತಳವನ್ನು ಒಲೆಯ ಉರಿಗೆ ಕ್ಷಣಕಾಲ ಒಡ್ಡಿ, ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಅವು ಮತ್ತೆ ತೆರೆದುಕೊಳ್ಳುತ್ತವೆ.